ಎದುರಂಗಡಿಗೆ ಕಳಿಸಿದ ಹೂವು

ನಗೊಯಾ ನಗರದ ಓಸು ಪೇಟೆಯವರಿಗೆ ಒಂದು ಜಂಬ, ತಾವು ಈ ಊರಿಗೆ ದೇವರ ಜೊತೆ ಬಂದವರು ಎಂದು. ನಾನೂರು ವರ್ಷದ ಹಿಂದೆ ನದಿಯಾಚೆ ಇದ್ದ ಕನ್ನೊನ್ ದೇವಿಯ ಗುಡಿ ನೆರೆ ಬಂದಾಗಲೆಲ್ಲ ಮುಳುಗುತ್ತಿತ್ತಂತೆ. ಆಗ ನಗೊಯಾದಲ್ಲಿ ಹೊಸ ಕೋಟೆ ಕಟ್ಟಿಸುತ್ತಿದ್ದ ದೊರೆ ಗುಡಿಯನ್ನೂ ಕಿತ್ತು ಇಲ್ಲಿ ತಂದಿಟ್ಟ. ಗುಡಿಯ ಬೆನ್ನಿಗೇ ಹೂವಿನವರು, ಮಿಠಾಯಿಯವರು, ನಾಟಕದವರು, ಜೇಬುಗಳ್ಳರು ಎಲ್ಲರೂ ಬಂದರು. ಈಗ ಯಾರನ್ನು ಕೇಳಿದರೂ ತಮ್ಮ ಮುತ್ತಜ್ಜ ಹೂವಿನವನೋ ಮಿಠಾಯಿಯವನೋ ಆಗಿದ್ದ ಎನ್ನುತ್ತಾರೆ. ಜೇಬುಗಳ್ಳರ ವಂಶ ಮಾತ್ರ ಅದು ಹೇಗೋ ಅಳಿದುಹೋಗಿದೆ.

ಹಿಬಿನೊ ತೊಕಿಕೊ ದೇವರ ಜೊತೆ ಬಂದವಳಲ್ಲ, ರೈಲಿನಲ್ಲಿ ಬಂದವಳು. ಇಪ್ಪತ್ತೆರಡರ ಹರೆಯದಲ್ಲಿ ಇಚಿನೊಮಿಯಾದಿಂದ ಓಸುವಿನ ಹಿಬಿನೊ ಮನೆಗೆ ಸೊಸೆಯಾಗಿ ಬಂದಳು. ಅದಾಗಿ ಐವತ್ತು ವರ್ಷ ಕಳೆದರೂ ಬೀದಿಯ ಹಳಬರು ಅವಳನ್ನು ‘ಇಚಿನೊಮಿಯಾದವಳು’ ಎಂದೇ ಕರೆಯುತ್ತಿದ್ದರು, ಅದೇನೋ ಏಳು ಸಮುದ್ರದಾಚೆಯ ಊರು ಎನ್ನುವ ಹಾಗೆ. ರೈಲಿನಲ್ಲಿ ಕುಳಿತು ಒಂದು ಕಿತ್ತಳೆ ಸುಲಿದು ತಿನ್ನುವುದರೊಳಗೆ ಬಂದುಬಿಡುವ ಊರು ಅದು.

ಇಚಿನೊಮಿಯಾ ಮಗ್ಗಗಳ ಊರು. ತೊಕಿಕೊಳ ಅಪ್ಪನ ಮನೆಯಲ್ಲೂ ಮಗ್ಗಗಳು ಹಗಲಿಡೀ ಬಡಿದುಕೊಳ್ಳುತ್ತಿದ್ದವು. ಆ ಸದ್ದಿನಲ್ಲಿ ವ್ಯಾಪಾರದ ಮಾತು ಕಿವಿಗೆ ಬೀಳುತ್ತಿರಲಿಲ್ಲ. ಅದಕ್ಕೇ ಬಟ್ಟೆ ಕೊಳ್ಳಲು ಬಂದವರನ್ನು ಅಪ್ಪ ಪಕ್ಕದ ಕಾಫಿ ಅಂಗಡಿಗೆ ಕರೆದೊಯ್ಯುತ್ತಿದ್ದ. ಬೆಳಗಿನ ಹೊತ್ತು ಹೋದರೆ ಅಂಗಡಿಯವನು ಕಾಫಿಯ ದುಡ್ಡಿಗೇ ಒಂದು ಬೇಯಿಸಿದ ಮೊಟ್ಟೆ, ಒಂದು ಹಿಡಿ ಕಡಲೆಕಾಯಿ ಬೀಜ ಕೊಡುತ್ತಿದ್ದ. ಬೆಳಗ್ಗೆ ಕಾಫಿ ಕುಡಿದರೆ ತಿಂಡಿ ಬಿಟ್ಟಿ ಬರಬೇಕು ಎನ್ನುವುದು ತೊಕಿಕೊಗೆ ತಾಯಿಯ ಹಾಲಿನ ಜೊತೆ ಬಂದ ನಂಬಿಕೆ.

ಮದುವೆಯಾದ ಹೊಸದರಲ್ಲೇ ಅತ್ತೆಯ ಕಾಫಿ ಅಂಗಡಿ ‘ಶಿರಾಸಾಗಿ’ಯಲ್ಲಿ ನಿಂತು ನೋಡುತ್ತಾಳೆ, ಗಿರಾಕಿಯ ಮುಂದೆ ಬರೀ ಕಾಫಿ! ಮದುವೆಗೆ ಕರೆದು ಊಟ ಹಾಕದೆ ಕಳಿಸಿದ ಹಾಗಾಯಿತಲ್ಲ ಎಂದುಕೊಂಡು ಮರುದಿನ ತಟ್ಟೆಯಲ್ಲಿ ಒಂದು ಮೊಟ್ಟೆ ಇಟ್ಟಳು.

"ಈ ಮೊಟ್ಟೆ ಯಾರಪ್ಪನ ಮನೆಯಿಂದ ಬರುತ್ತೆ?" ಅತ್ತೆ ಕೇಳಿದಳು.

"ನಮ್ಮಪ್ಪನ ಮನೆಯಿಂದ್ಲೇ ತರಿಸ್ತೀನಿ, ಬಿಡಿ ಅತ್ತೆ."

ತರಿಸಿದಳು ಕೂಡ. ವಾರಕ್ಕೊಂದು ಬುಟ್ಟಿ ಮೊಟ್ಟೆ ರೈಲಿನಲ್ಲಿ ಬರತೊಡಗಿತು. ಅತ್ತೆ ಆಮೇಲೆ ಬಾಯಿ ಬಿಡಲಿಲ್ಲ; ದಿನಾ ಒಂದು ಮೊಟ್ಟೆ ತಾನೂ ತಿಂದಳು.

ಅವಳು ಬಂದ ಕಾಲಕ್ಕೆ ಓಸು ಸತ್ತು ಮಲಗಿತ್ತು. ಗಂಡ ಕೋಯಿಚಿ ಸಿನಿಮಾ ಮಂದಿರಗಳ ಮುಂದೆ ನಿಲ್ಲಿಸುವ ದೊಡ್ಡ ಚಿತ್ರಪಟ ಬರೆಯುವವನು. ಯುದ್ಧದಲ್ಲಿ ಸುಟ್ಟು ಬೂದಿಯಾದ ಪೇಟೆ ಮತ್ತೆ ಎದ್ದಾಗ ಹೆಜ್ಜೆಗೊಂದು ಸಿನಿಮಾ ಮಂದಿರವಿತ್ತು. ಆಮೇಲೆ ಮನೆಮನೆಗೆ ಟೀವಿ ಬಂತು. ಉತ್ತರಕ್ಕೆ ಸರ್ಕಾರ ಮೈದಾನದಷ್ಟು ಅಗಲದ ರಸ್ತೆ ಹಾಕಿಸಿತು, ಅದನ್ನು ದಾಟಿ ಈಚೆ ಬರಲು ಜನಕ್ಕೆ ಮನಸ್ಸಾಗಲಿಲ್ಲ. ಮಂದಿರಗಳು ಒಂದೊಂದಾಗಿ ಕದ ಹಾಕಿದವು. ನಾಯಕಿಯರ ಕಣ್ಣು ಬರೆಯುತ್ತಿದ್ದ ಕೈ ಲೋಟ ತೊಳೆಯಲು ಕೂತಿತು. ನಡುಬೀದಿಯಲ್ಲಿ ಬೆಕ್ಕುಗಳು ಮಲಗಿರುತ್ತಿದ್ದವು. ಯಾರಾದರೂ ಸೈಕಲ್ ಬೆಲ್ ಬಾರಿಸಿದರೆ ತಲೆಯೆತ್ತಿ, ನಿನಗೇನಪ್ಪ ಕೆಲಸ ಇಲ್ಲಿ ಎನ್ನುವ ಹಾಗೆ ನೋಡುತ್ತಿದ್ದವು.

ಶಿರಾಸಾಗಿಯ ಎದುರಿಗೆ, ಒಂದು ಸಣ್ಣ ಗಲ್ಲಿಯ ಆಚೆ, ಇನ್ನೊಂದು ಕಾಫಿ ಅಂಗಡಿ. ಹೆಸರು ‘ಆಲ್ಪ್ಸ್’. ಅದರ ಮಾಲೀಕ ನಿವಾ ಸೇಗೊ ತೊಕಿಕೊಗಿಂತ ಎರಡು ವರ್ಷ ದೊಡ್ಡವನು. ಗುಡಿಯ ಮೆಟ್ಟಿಲಿಗಿಂತ ಎತ್ತರದ ಜಾಗವನ್ನು ಅವನು ಹತ್ತಿದ್ದು ಯಾರೂ ಕಂಡಿಲ್ಲ, ಆದರೂ ಗೋಡೆ ತುಂಬ ಹಿಮದ ಬೆಟ್ಟಗಳ ಚಿತ್ರ ಅಂಟಿಸಿಕೊಂಡಿದ್ದ. ಎದುರಿನ ಸೊಸೆ ಮೊಟ್ಟೆ ಇಟ್ಟ ಸುದ್ದಿ ತಿಳಿದು ಅವನು ಮೊಟ್ಟೆಯ ಜೊತೆ ಬೆಣ್ಣೆ ಸವರಿದ ಬ್ರೆಡ್ಡನ್ನೂ ಇಟ್ಟ. ತೊಕಿಕೊ ಬ್ರೆಡ್ಡಿನ ಮೇಲೆ ಕೆಂಪು ಕಾಳಿನ ಹೂರಣ ಹಚ್ಚಿದಳು. ಅವನು ಕೋಸಿನ ಪಲ್ಯ ತಂದ. ಇವಳು ಹುದುಗಿಸಿದ ಸೋಯಾದ ಮಿಸೊ ಸಾರನ್ನು ಒಂದು ಪುಟ್ಟ ಬಟ್ಟಲಲ್ಲಿ ಇಟ್ಟಳು. ಕಾಫಿಗೆ ಸಾರು ನೆಂಚಿಕೊಂಡು ಕುಡಿಯುವ ಜನ ಎಲ್ಲಿದ್ದಾರೆ ಎಂದು ಬೇರೆ ಊರಿನವರು ಕೇಳಬಹುದು. ಓಸುವಿಗೆ ಬರಲಿ, ತೋರಿಸೋಣ.

ನಗೊಯಾದವರು ದುಡ್ಡು ಬಿಚ್ಚುವುದರಲ್ಲಿ ಬಿಗಿ ಎಂದು ದೇಶವೆಲ್ಲ ಆಡಿಕೊಳ್ಳುತ್ತದೆ. ಆಡಿಕೊಳ್ಳಲಿ. ಬಿಟ್ಟಿ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಈ ಗುಣದಿಂದಲೇ ಪೇಟೆ ಮತ್ತೆ ಉಸಿರಾಡಿತು. ಎರಡು ಅಂಗಡಿಗಳ ಬೆಳಗಿನ ಯುದ್ಧದ ಸುದ್ದಿ ಹಬ್ಬಿ, ಆ ಅಗಲ ರಸ್ತೆಯನ್ನು ದಾಟಿ ಜನ ಸೈಕಲ್ ತುಳಿದುಕೊಂಡು ಬಂದರು. ತಿಂದವರು ಹೊಟ್ಟೆ ಕರಗಿಸಲು ಪೇಟೆಯಲ್ಲಿ ಒಂದು ಸುತ್ತು ಹಾಕಿದರು. ಆಮೇಲೆ ರೇಡಿಯೊ ಬಿಡಿಭಾಗದ ಅಂಗಡಿಗಳು ಬಂದವು, ಕಂಪ್ಯೂಟರಿನವರು ಬಂದರು, ಯಾರೋ ಉಟ್ಟು ಬಿಟ್ಟ ಬಟ್ಟೆಯನ್ನು ಹೊಸದಕ್ಕಿಂತ ಹೆಚ್ಚು ಬೆಲೆಗೆ ಮಾರುವ ಚಾಲಾಕಿಗಳು ಬಂದರು. ಈಗಂತೂ ಗುಡಿಯ ಪಕ್ಕದಲ್ಲೇ ಬ್ರೆಜಿಲಿನವನು ಕೋಳಿ ಸುಡುತ್ತಾನೆ, ಅವನ ಮಗ್ಗುಲಲ್ಲಿ ಮನೆಗೆಲಸದವರ ವೇಷದಲ್ಲಿ ಝಾಲರಿ ಲಂಗ ತೊಟ್ಟ ಕಾಫಿ ಅಂಗಡಿಯ ಹುಡುಗಿಯರು ದಾರಿಹೋಕ ಮುದುಕರನ್ನು "ಒಡೆಯಾ, ಮನೆಗೆ ಬಂದ್ರಾ?" ಎಂದು ಕರೆಯುತ್ತಾರೆ. ಕೆಲವು ಮುದುಕರು ಹೌದು ಎಂದು ಒಳಗೆ ಹೋಗಿದ್ದೂ ಉಂಟು. ಇದಕ್ಕೆಲ್ಲ ಮೊದಲ ಮೊಟ್ಟೆ ಇಟ್ಟವಳು ತಾನೇ ಎಂದು ತೊಕಿಕೊ ಹೇಳುತ್ತಿದ್ದಳು. ಮೊದಲ ಬ್ರೆಡ್ಡು ತನ್ನದು ಎಂದು ಸೇಗೊ ಹೇಳುತ್ತಿದ್ದ.

ಇಬ್ಬರೂ ಇದನ್ನು ಹೇಳುತ್ತಿದ್ದದ್ದು ಉಸಾಮಿಗೆ. ಉಸಾಮಿ ಹಿಂದೆ ಸಿನಿಮಾ ಮಂದಿರದಲ್ಲಿ ರೀಲು ಓಡಿಸುತ್ತಿದ್ದವನು. ಮಂದಿರ ಮುಚ್ಚಿದ ಮೇಲೆ ಅವನಿಗೆ ಉಳಿದದ್ದು ಎರಡು ಬೆಳಗಿನ ತಿಂಡಿಗಳ ಉದ್ಯೋಗ. ಮೊದಲು ಆಲ್ಪ್ಸಿನಲ್ಲಿ ಒಂದು, ಆಮೇಲೆ ಶಿರಾಸಾಗಿಯಲ್ಲಿ ಒಂದು. ಅಲ್ಲಿಯದನ್ನು ಇಲ್ಲಿ ಹೇಳಿ, ಇಲ್ಲಿಯದನ್ನು ಅಲ್ಲಿ ಹೇಳಿ, ಇಬ್ಬರ ಜಗಳದಲ್ಲಿ ಅವನ ಮೈ ಮಾತ್ರ ಚೆನ್ನಾಗಿ ತುಂಬಿಕೊಂಡಿತು.

ಇವನ ಬಾಯಿಂದಲೇ ಒಮ್ಮೆ ಅನಾಹುತವಾಯಿತು. ಮೊಟ್ಟೆಯನ್ನು ಸಾರಿನಲ್ಲಿ ಕದಡಿ ಬಟ್ಟಲಲ್ಲಿ ಹಬೆಗಿಟ್ಟು ಬೇಯಿಸುವ ಚಾವಾನ್‌ಮುಶಿಯನ್ನು ಕಾಫಿಯ ಜೊತೆ ಕೊಡಬೇಕೆಂದು ತೊಕಿಕೊ ಯೋಚಿಸಿದಳು. ಇಡೀ ನಗೊಯಾದಲ್ಲಿ ಯಾರೂ ಮಾಡದ ಕೆಲಸ. ಗಂಡನಿಗೂ ಹೇಳಲಿಲ್ಲ, ಉಸಾಮಿಗೆ ಮಾತ್ರ ಹೇಳಿದಳು. ಮರುದಿನ ಬಾಗಿಲು ತೆರೆದರೆ ಆಲ್ಪ್ಸಿನ ಹಲಗೆಯ ಮೇಲೆ ಬರೆದಿದೆ, ‘ಇಂದಿನಿಂದ ಬಿಸಿಬಿಸಿ ಚಾವಾನ್‌ಮುಶಿ!’

ಅಂದಿನಿಂದ ತೊಕಿಕೊ ಸೇಗೊನ ಜೊತೆ ಮಾತು ಬಿಟ್ಟಳು. ಉಸಾಮಿಯ ಜೊತೆ ಬಿಡಲಿಲ್ಲ, ಯಾಕೆಂದರೆ ಅವನು ಗಿರಾಕಿ. ಕದ್ದವನನ್ನು ಬೈದು ಕದ್ದು ಕೊಟ್ಟವನಿಗೆ ಕಾಫಿ ಕೊಡುವುದು ಯಾವ ನ್ಯಾಯ ಎಂದು ಗಂಡ ಕೇಳಿದ. ಅಂಗಡಿ ನ್ಯಾಯ ಎಂದಳು.

ಹೀಗೆ ಮೂವತ್ತು ವರ್ಷ ನಡೆಯಿತು. ಬೆಳಗ್ಗೆ ಇಬ್ಬರೂ ತಮ್ಮ ತಮ್ಮ ಬಾಗಿಲಿಗೆ ನೀರು ಚಿಮುಕಿಸಲು ಬರುತ್ತಿದ್ದರು. ಕೈ ಚಾಚಿದರೆ ಒಬ್ಬರಿಗೊಬ್ಬರು ಸಿಗುವಷ್ಟು ಹತ್ತಿರ. ನಡುವೆ ಉಸಾಮಿ, ಇಬ್ಬರಿಗೂ ಮರ್ಯಾದೆಯ ‘ಉಸಾಮಿಸಾನ್’.

"ಉಸಾಮಿಸಾನ್, ಆ ಮನುಷ್ಯನಿಗೆ ಹೇಳಿ, ಅವರ ನೀರು ನನ್ನ ಬಾಗಿಲಿಗೆ ಬಂತು ಅಂತ."

"ಉಸಾಮಿಸಾನ್, ಆ ಅಮ್ಮನಿಗೆ ಹೇಳಿ, ನೀರು ತಗ್ಗಿದ್ದ ಕಡೆ ಹರಿಯುತ್ತೆ ಅಂತ."

"ಕೇಳಿಸ್ತಲ್ಲ ಇಬ್ಬರಿಗೂ," ಎನ್ನುತ್ತಿದ್ದ ಉಸಾಮಿ. "ನಾನು ಯಾಕೆ ಬಾಯಿ ನೋಯಿಸ್ಕೊಳ್ಲಿ?"

ಈ ನಡುವೆ ಅತ್ತೆ ಹೋದಳು, ಗಂಡ ಕೋಯಿಚಿ ಹೋದ, ಸೇಗೊನ ಹೆಂಡತಿಯೂ ಹೋದಳು. ಮೂರೂ ಸಾವಿಗೆ ಇಬ್ಬರೂ ಕಪ್ಪು ಬಟ್ಟೆ ಉಟ್ಟು ಹೋಗಿ, ಧೂಪ ಹಾಕಿ, ಬಗ್ಗಿ ನಮಸ್ಕರಿಸಿ, ಒಂದು ಮಾತೂ ಆಡದೆ ಬಂದರು. ಆಯಾ ವಾರ ಮಾತ್ರ ಎರಡೂ ಕಡೆ ಹಲಗೆಯ ಮೇಲೆ ಹೊಸ ತಿಂಡಿ ಬರೆಯಲಿಲ್ಲ.

ಕಳೆದ ವಸಂತದಲ್ಲಿ ಒಂದು ಬೆಳಗ್ಗೆ ತೊಕಿಕೊ ಬಾಗಿಲು ತೆರೆದು ಎದುರಿನ ಹಲಗೆ ಓದಿದಳು. ಅಲ್ಲಿ ತಿಂಡಿಯ ಹೆಸರಿರಲಿಲ್ಲ. ಈ ತಿಂಗಳ ಕೊನೆಗೆ ಆಲ್ಪ್ಸ್ ಮುಚ್ಚುತ್ತದೆ, ಇಷ್ಟು ದಿನದ ಪ್ರೀತಿಗೆ ಕೃತಜ್ಞತೆ ಎಂದಿತ್ತು.

"ಮಂಡಿ ಹೋಯ್ತಂತೆ," ಉಸಾಮಿ ವರದಿ ಒಪ್ಪಿಸಿದ. "ನಿಂತ್ರೆ ಕೂರಕ್ಕಾಗಲ್ಲ, ಕೂತ್ರೆ ಏಳಕ್ಕಾಗಲ್ಲ. ಜಾಗ ಬಾಡಿಗೆಗೆ ಕೊಟ್ಟಾಯ್ತು. ಗೊಂಬೆ ಹಿಡಿಯೋ ಯಂತ್ರ ಇಡ್ತಾರಂತೆ. ಕಾಸು ಹಾಕಿದ್ರೆ ಮೇಲಿಂದ ಪಂಜ ಬರುತ್ತಲ್ಲ, ಅದು."

"ಗೆದ್ದೆ!" ಎಂದಳು ತೊಕಿಕೊ.

ಆ ದಿನವೆಲ್ಲ ಅವಳ ಕಾಲು ನೆಲದ ಮೇಲಿರಲಿಲ್ಲ. ಗಂಡನ ಫೋಟೊಗೆ ಹೋಗಿ ಹೇಳಿದಳು, ಗುಡಿಗೆ ಹೋಗಿ ದೇವಿಗೂ ಹೇಳಿದಳು. ಸಂಜೆ ಒಂದು ಒಳ್ಳೆಯ ಮೀನು ತಂದು ಸುಟ್ಟು ತಿಂದಳು. ಮರುದಿನ ಬೆಳಗ್ಗೆ ಎದ್ದು, ಇವತ್ತು ಹಲಗೆಗೆ ಏನು ಬರೆಯಲಿ ಎಂದು ಯೋಚಿಸಹೊರಟರೆ ತಲೆಗೆ ಏನೂ ಹೊಳೆಯಲಿಲ್ಲ. ಎದುರು ಅಂಗಡಿಯವನು ಬೆಚ್ಚಿಬೀಳದಿದ್ದ ಮೇಲೆ ಏನು ಬರೆದರೆ ಏನು? ಮೊಟ್ಟೆ ಬೇಯಿಸಲು ಇಟ್ಟು ಅಲ್ಲೇ ಕುರ್ಚಿಯಲ್ಲಿ ಕುಳಿತಳು. ಐವತ್ತು ವರ್ಷದಲ್ಲಿ ಬೆಳಗ್ಗೆ ಆ ಹೊತ್ತಿಗೆ ಅವಳು ಕುಳಿತದ್ದು ಅದೇ ಮೊದಲು.

ಇವನು ಹೋದರೆ ತಾನೂ ಹೋದ ಹಾಗೆಯೇ ಎಂದು ಅವಳಿಗೆ ಹೊಳೆದದ್ದು ಆಗ. ಗಂಡ ಹೋದಾಗ ಅತ್ತಿದ್ದಳು, ಅತ್ತು ಮರುದಿನ ಎದ್ದಿದ್ದಳು, ಯಾಕೆಂದರೆ ಎದುರಿನವನು ಎದ್ದಿರುತ್ತಾನೆ ಎನ್ನುವುದು ಗೊತ್ತಿತ್ತು. ಈಗ ಯಾರಿಗಾಗಿ ಏಳುವುದು? ಗೊಂಬೆ ಹಿಡಿಯುವ ಪಂಜದ ಜೊತೆ ಯಾರಾದರೂ ಜಗಳ ಆಡುತ್ತಾರೆಯೇ?

ಹೋಗಬೇಡ ಎಂದು ಎದುರಿಗೆ ಹೋಗಿ ಹೇಳಬಹುದಿತ್ತು. ಅದು ನಿಮ್ಮಂಥ ನಮ್ಮಂಥವರ ಬುದ್ಧಿ. ತೊಕಿಕೊ ಸೋಲುವ ದಾರಿ ಹುಡುಕಿದಳು. ಎಲ್ಲ ಗಿರಾಕಿಗಳೂ ಆಲ್ಪ್ಸಿಗೆ ಹೋದರೆ, ಆ ಭರಾಟೆ ನೋಡಿ ಅವನು ಮನಸ್ಸು ಬದಲಾಯಿಸಬಹುದು. ಮರುದಿನವೇ ತಟ್ಟೆಯಿಂದ ಸಾರು ತೆಗೆದಳು, ಹೂರಣ ತೆಗೆದಳು. ಮೊಟ್ಟೆಯನ್ನು ನೆಲಕ್ಕೆ ಎಸೆದರೆ ಪುಟಿಯುವಷ್ಟು ಬೇಯಿಸಿದಳು. ಬ್ರೆಡ್ಡನ್ನು ಕರಕಲು ಮಾಡಿದಳು.

"ತೊಕಿಕೊಸಾನ್, ಇದೇನು ಇದ್ದಿಲಾ?" ಎಂದ ಉಸಾಮಿ.

"ಬೇಡ ಅಂದ್ರೆ ಎದುರಿಗೆ ಹೋಗಿ. ಅಲ್ಲಿ ಬೆಣ್ಣೆ ಜಾಸ್ತಿ ಹಾಕ್ತಾರೆ."

ಅವಳ ಬಾಯಿಂದ ಎದುರಂಗಡಿಯ ಹೊಗಳಿಕೆ ಬಂದದ್ದೇ ತಡ, ಪೇಟೆಯೆಲ್ಲ ಗುಲ್ಲಾಯಿತು. ಶಿರಾಸಾಗಿಯ ಅಜ್ಜಿಗೂ ಕೊನೆಗಾಲ ಬಂತಂತೆ, ಪಾಪ, ಅವರೂ ಮುಚ್ಚುತ್ತಾರಂತೆ ಎಂದು ಜನ ಮಾತಾಡಿಕೊಂಡರು. ನಗೊಯಾದಲ್ಲಿ ಕಾಫಿಗೆ ಮುಂಗಡವಾಗಿ ಚೀಟಿ ಕೊಳ್ಳುವುದು ರೂಢಿ. ಹತ್ತರ ದುಡ್ಡಿಗೆ ಹನ್ನೊಂದು ಚೀಟಿ. ಅವನ್ನು ಗಿರಾಕಿಯ ಹೆಸರು ಬರೆದು ಅಂಗಡಿಯ ಗೋಡೆಗೇ ಸಿಕ್ಕಿಸಿಟ್ಟಿರುತ್ತಾರೆ. ಅಂಗಡಿ ಮುಚ್ಚಿದರೆ ಚೀಟಿ ಮುಳುಗಿದಂತೆಯೇ ಎಂದು ಹೆದರಿ, ಇಪ್ಪತ್ತು ವರ್ಷ ಮುಖ ತೋರಿಸದಿದ್ದವರೆಲ್ಲ ಶಿರಾಸಾಗಿಗೆ ನುಗ್ಗಿದರು. ಕರಕಲು ಬ್ರೆಡ್ಡನ್ನು ಕಣ್ಣಲ್ಲಿ ನೀರು ತುಂಬಿಕೊಂಡು ತಿಂದರು. ಒಬ್ಬಾಕೆಯಂತೂ ತೊಕಿಕೊಳ ಕೈ ಹಿಡಿದು, "ಕಷ್ಟ ಇದ್ರೂ ಸುಟ್ಟಾದ್ರೂ ಕೊಡ್ತಿದೀರಲ್ಲ!" ಎಂದು ಬಿಕ್ಕಿದಳು.

ಎದುರಿಗೆ ಆಲ್ಪ್ಸಿನಲ್ಲೂ ಅದೇ ಚೀಟಿಯವರ ಜಾತ್ರೆ. ಆದರೆ ಸೇಗೊ ಮನಸ್ಸು ಬದಲಾಯಿಸಲಿಲ್ಲ, ಮಂಡಿ ಹಿಡಿದುಕೊಂಡೇ ಎಲ್ಲರ ಲೆಕ್ಕ ತೀರಿಸಿದ. ದಿನದಿನಕ್ಕೂ ಅವನ ಗೋಡೆ ಖಾಲಿಯಾಗುತ್ತಾ ಬಂತು.

ಕೊನೆಯ ದಿನದ ಹಿಂದಿನ ಸಂಜೆ ತೊಕಿಕೊ ಹೂವಿನ ಅಂಗಡಿಗೆ ಹೋದಳು.

"ಒಂದು ದೊಡ್ಡ ಹೂವಿನ ಸ್ಟ್ಯಾಂಡ್ ಬೇಕು. ಆಲ್ಪ್ಸಿಗೆ."

"ತೆರೆಯೋದಕ್ಕಾ, ಸಾವಿಗಾ?" ಹೂವಿನವಳು ಕೇಳಿದಳು.

"ಮುಚ್ಚೋದಕ್ಕೆ."

"ಮುಚ್ಚೋದಕ್ಕೆ ಹೂವು ಯಾರೂ ಕಳಿಸಲ್ಲ ಅಜ್ಜಿ. ಅಂಥ ಸ್ಟ್ಯಾಂಡೇ ಇಲ್ಲ ನಮ್ಮಲ್ಲಿ."

"ಐವತ್ತು ವರ್ಷ ನಡೆಸಿದ ಅಂಗಡಿ. ಬರಿಗೈಲಿ ಬಾಗಿಲು ಹಾಕ್ಬೇಕಾ? ಸತ್ತವರದ್ದು ಬೇಡ. ತೆರೆಯೋದನ್ನೇ ಕಳಿಸಿ, ಬಣ್ಣಬಣ್ಣದ್ದು ಹಾಕಿ."

ಬೆಳಗ್ಗೆ ಹೂವು ಬಂತು. ಆಳೆತ್ತರದ ಸ್ಟ್ಯಾಂಡಿನ ತುಂಬ ಲಿಲ್ಲಿ, ಗುಲಾಬಿ, ಸೇವಂತಿಗೆ. ಮೇಲೊಂದು ಹಲಗೆ, ಅದರಲ್ಲಿ ಕೆಂಪು ಅಕ್ಷರದಲ್ಲಿ ‘ಶುಭಾಶಯ’, ಕೆಳಗೆ ‘ಶಿರಾಸಾಗಿ, ಹಿಬಿನೊ ತೊಕಿಕೊ’. ಹೂವಿನವಳು ತೆರೆಯುವ ಹೂವಿಗೆ ಹಾಕುವ ಹಲಗೆಯನ್ನೇ ಅಭ್ಯಾಸಬಲದಿಂದ ಹಾಕಿ ಕಳಿಸಿದ್ದಳು. ಸೇಗೊ ಆ ಬೆಳಗ್ಗೆಯೇ ಯಾರನ್ನೋ ಏಣಿ ಹತ್ತಿಸಿ ತನ್ನ ಹಳೆಯ ನಾಮಫಲಕ ಇಳಿಸಿಟ್ಟಿದ್ದ, ಗೋಡೆಯ ಬೆಟ್ಟಗಳನ್ನೂ ಕಿತ್ತಿದ್ದ. ಹೊರಗೆ ಬಂದು ಹೂವು ನೋಡಿದ, ಹಲಗೆ ಓದಿದ, ಕಿವಿ ಕೆಂಪಾಯಿತು. ಕುಂಟುತ್ತಾ ಗಲ್ಲಿ ದಾಟಿ ಶಿರಾಸಾಗಿಯ ಬಾಗಿಲಿಗೆ ಬಂದೇಬಿಟ್ಟ.

"ಶುಭಾಶಯವಾ? ನನ್ನ ಅಂಗಡಿ ಹಾಳಾದ್ರೆ ನಿಮಗೆ ಹಬ್ಬವಾ? ಸ್ವಲ್ಪ ಹೊರಗೆ ಬನ್ನಿ!"

ಮೂವತ್ತು ವರ್ಷದಲ್ಲಿ ಅವನು ನೇರವಾಗಿ ಆಡಿದ ಮೊದಲ ಮಾತು. ಸಿಟ್ಟಿನಲ್ಲೂ ಬಹುವಚನ ಬಿಟ್ಟಿರಲಿಲ್ಲ. ತೊಕಿಕೊ ಕೈ ಒರೆಸಿಕೊಳ್ಳುತ್ತಾ ಹೊರಗೆ ಬಂದಳು.

"ಆ ಹಲಗೆ ನಾನು ಬರೆಸಿದ್ದಲ್ಲ. ಹೂವು ಕಳಿಸಿದ್ದು ನಿಜ."

"ಯಾಕೆ? ಹೊಟ್ಟೆ ತಣ್ಣಗಾಗಲಿ ಅಂತಾನಾ? ಚಾವಾನ್‌ಮುಶಿ ಸೇಡು ಇನ್ನೂ ತೀರಿಲ್ವಾ?"

"ಕದ್ದಿದ್ದು ಯಾರು?"

"ಕದೀಲಿಲ್ಲ! ಉಸಾಮಿ ಹೇಳಿದ, ನಾನು ಮಾಡಿದೆ. ನನ್ನದು ಚೆನ್ನಾಗೂ ಇತ್ತು."

"ಏನು? ಆ ನೀರುನೀರಾದ ಸಾರಾ?"

ಇವರಿಬ್ಬರೂ ನಡುಗಲ್ಲಿಯಲ್ಲಿ ಹೀಗೆ ಕೂಗಾಡುತ್ತಿರುವಾಗ ಬೆನ್ನ ಹಿಂದೆ ಬೇರೆಯೇ ಕಾರ್ಯ ನಡೆಯುತ್ತಿತ್ತು. ನಗೊಯಾದಲ್ಲಿ ಹೊಸ ಅಂಗಡಿಯ ಮುಂದೆ ಹೂವಿನ ಸ್ಟ್ಯಾಂಡು ನಿಂತರೆ ಅದನ್ನು ದಾರಿಹೋಕರು ಕಿತ್ತುಕೊಂಡು ಹೋಗಬೇಕು. ಎಷ್ಟು ಬೇಗ ಬೋಳಾಯಿತೋ ಅಂಗಡಿಗೆ ಅಷ್ಟು ಏಳಿಗೆ. ಸಂಜೆಯ ತನಕ ಹೂವು ಉಳಿದರೆ ಮಾಲೀಕ ಹಣೆ ಚಚ್ಚಿಕೊಳ್ಳುತ್ತಾನೆ. ಇದಕ್ಕಾಗಿ ಕೈಚೀಲದಲ್ಲಿ ಕತ್ತರಿ ಇಟ್ಟುಕೊಂಡು ಓಡಾಡುವ ಹೆಂಗಸರಿದ್ದಾರೆ. ಗುಡಿಯಿಂದ ಬರುತ್ತಿದ್ದ ಅಂಥವಳೊಬ್ಬಳ ಕಣ್ಣಿಗೆ ಲಿಲ್ಲಿ ಬಿತ್ತು. ನಾಮಫಲಕವಿಲ್ಲ, ಒಳಗೆ ಗೋಡೆ ಖಾಲಿ, ಬಾಗಿಲಲ್ಲಿ ಶುಭಾಶಯ. ಹೊಸ ಅಂಗಡಿ ಅಲ್ಲದೆ ಇನ್ನೇನು? ಮುಚ್ಚುವ ಸೂಚನೆ ಬಾಗಿಲಲ್ಲೇ ಇತ್ತು. ಹೂವಿರುವಾಗ ಅದನ್ನು ಓದುವವರು ಯಾರು?

"ತೆರೆದ್ರು, ತೆರೆದ್ರು!" ಎಂದು ಕೂಗು ಬಿದ್ದದ್ದೇ ತಡ, ಮೂಲೆಮೂಲೆಯಿಂದ ಹೆಂಗಸರು ಓಡಿ ಬಂದರು. ಝಾಲರಿ ಲಂಗದ ಹುಡುಗಿಯರು ಬಂದರು. ಕೋಳಿ ಸುಡುವವನು ಒಂದು ಗುಲಾಬಿ ಕಿತ್ತು ಕಿವಿಗೆ ಸಿಕ್ಕಿಸಿಕೊಂಡು ಮತ್ತೆ ಕೋಳಿ ತಿರುಗಿಸಲು ಓಡಿದ. ಜಗಳದ ಕಡೆ ಯಾರೂ ನೋಡಲಿಲ್ಲ.

ಆ ಹೊತ್ತಿಗೆ ಜಗಳ ಬೇರೆ ದಾರಿ ಹಿಡಿದಿತ್ತು.

"ನಿಜ ಹೇಳಿ," ಸೇಗೊನ ದನಿ ಇಳಿದಿತ್ತು. "ಹೂವು ಯಾಕೆ ಕಳಿಸಿದ್ರಿ?"

ತೊಕಿಕೊಗೆ ಹೇಳಲು ಬೇಕಾದಷ್ಟು ಸುಳ್ಳುಗಳಿದ್ದವು. ಆ ಹೊತ್ತಿಗೆ ಒಂದೂ ನಾಲಿಗೆಗೆ ಬರಲಿಲ್ಲ.

"ನೀನು ಹೋದ್ರೆ ನಾನು ಯಾರ ಮೇಲೆ ಸಿಟ್ಟು ಮಾಡ್ಕೊಳ್ಲಿ ಹೇಳು? ಗಂಡ ಪುಣ್ಯಾತ್ಮ, ಇದ್ದಷ್ಟು ದಿನ ಒಂದಿನ ಎದುರು ಮಾತಾಡ್ಲಿಲ್ಲ. ನೀನೊಬ್ಬ ಇದ್ದೆ. ನೀನು ಎದ್ದಿರ್ತೀಯ ಅಂತ ನಾನು ಏಳ್ತಿದ್ದೆ. ಹೋಗ್ತೀನಿ ಅಂತ ಹಲಗೆ ಮೇಲೆ ಬರೀತೀಯಲ್ಲ, ನಾಚಿಕೆ ಆಗಲ್ವಾ? ನನಗೊಂದು ಮಾತು ಹೇಳೋದು ಬೇಡ್ವಾ?"

"ಮಾತು ಬಿಟ್ಟಿದ್ದು ಯಾರು?"

"ನಾನೇ. ಅದಕ್ಕೇನೀಗ?"

ಸೇಗೊ ಕಣ್ಣು ಒರೆಸಿಕೊಳ್ಳಲು ಆ ಕಡೆ ತಿರುಗಿದವನು ಹಾಗೇ ನಿಂತುಬಿಟ್ಟ. ಹೂವಿನ ಸ್ಟ್ಯಾಂಡು ಪುಕ್ಕ ತರಿದ ಕೋಳಿಯ ಹಾಗೆ ಬೋಳಾಗಿ ನಿಂತಿತ್ತು. ಅದರ ಪಕ್ಕದಿಂದ ಹಿಡಿದು ಮುಖ್ಯ ಬೀದಿಯ ತಿರುವಿನವರೆಗೆ ಕೈಯಲ್ಲಿ ಹೂವು ಹಿಡಿದ ಜನ ಸಾಲಾಗಿ ನಿಂತಿದ್ದರು. ಹೂವು ಕಿತ್ತ ಮೇಲೆ ಆ ಅಂಗಡಿಯಲ್ಲಿ ಒಂದು ಕಾಫಿಯನ್ನಾದರೂ ಕುಡಿಯುವುದು ಮರ್ಯಾದೆ. ಓಸುವಿನವರು ಬಿಗಿ ಇರಬಹುದು, ಮರ್ಯಾದೆಗೆಟ್ಟವರಲ್ಲ.

"ಯಜಮಾನ್ರೇ, ಹೊಸ ಅಂಗಡೀಲಿ ಬೆಳಗಿನ ತಿಂಡಿಗೆ ಏನೇನು ಕೊಡ್ತೀರಾ?" ಸಾಲಿನ ಮುಂದಿದ್ದವಳು ಕೂಗಿದಳು.

"ಹೊಸದಲ್ಲ ತಾಯಿ, ಮುಚ್ಚಿ..." ಎನ್ನಹೊರಟ ಸೇಗೊ.

ತೊಕಿಕೊ ಅವನ ಮೊಣಕೈಗೆ ತಿವಿದಳು. "ಹೂವು ಬೋಳಾದ ಮೇಲೆ ಗಿರಾಕೀನ ಹಿಂದಕ್ಕೆ ಕಳಿಸ್ತೀಯಾ? ದೇವಿ ಶಾಪ ಹಾಕ್ತಾಳೆ."

"ಬ್ರೆಡ್ಡಿಲ್ಲ. ಮೊಟ್ಟೆ ಇಲ್ಲ. ಕೊನೇ ದಿನ ಅಂತ ಏನೂ ತರಿಸಿಲ್ಲ."

"ನನ್ನ ಹತ್ರ ಇದೆ," ಎಂದಳು ತೊಕಿಕೊ.

ಮೊಟ್ಟೆಯ ತಟ್ಟೆಗಳನ್ನೂ ಬ್ರೆಡ್ಡುಗಳನ್ನೂ ಹೊತ್ತು ಅವಳು ಆಲ್ಪ್ಸಿನ ಹೊಸ್ತಿಲು ದಾಟಿದಳು. ತನ್ನ ಅಂಗಡಿಯಲ್ಲಿ ಕರಕಲು ಬ್ರೆಡ್ಡು ಕಚ್ಚುತ್ತಿದ್ದ ಗಿರಾಕಿಗಳಿಗೆ, "ನಿಮ್ಮ ಕಾಫಿ ನೀವೇ ಹಾಕ್ಕೊಳ್ಳಿ," ಎಂದು ಕೂಗಿ ಹೇಳಿದಳು. ಎದುರಂಗಡಿಯ ಒಲೆಯ ಮುಂದೆ ನಿಂತ ಮೇಲೆ ಬಾಯಿ ನಿಲ್ಲಲಿಲ್ಲ. ಬಾಣಲೆ ತಪ್ಪು ಕಡೆ ಇಟ್ಟಿದ್ದೀಯ, ಉಪ್ಪಿನ ಡಬ್ಬಿಗೆ ಮುಚ್ಚಳ ಇಲ್ಲ, ಇಷ್ಟು ದಪ್ಪ ಬ್ರೆಡ್ಡನ್ನು ಮನುಷ್ಯರು ತಿನ್ನುತ್ತಾರಾ ಅಥವಾ ಕುದುರೆಯಾ? ನೀನು ಕೊಯ್ದ ಬ್ರೆಡ್ಡಿನ ಈಚೆ ನಿಂತು ನೋಡಿದರೆ ಆಚೆಯ ಗುಡಿ ಕಾಣುತ್ತದೆ ಎಂದು ಸೇಗೊ ತಿರುಗಿ ಅಂದ. ಉಸಾಮಿ ಇಬ್ಬರ ನಡುವೆ ತಟ್ಟೆ ಹೊತ್ತು ಓಡಾಡಿದ. ಅವನು ತಿನ್ನದೆ ಬೇರೆಯವರಿಗೆ ಬಡಿಸಿದ್ದು ಅದೇ ಮೊದಲಂತೆ. ಸಂಜೆ ತನಕ ಅದನ್ನೇ ಹೇಳಿಕೊಂಡು ತಿರುಗಿದ.

ಮಧ್ಯಾಹ್ನ ಇಳಿಯುವ ಹೊತ್ತಿಗೆ ಸೂಟು ಹಾಕಿದ ತರುಣನೊಬ್ಬ ಬಂದ. ಗೊಂಬೆ ಯಂತ್ರದ ಕಂಪನಿಯವನು. ಸಾಲು ನೋಡಿ ಗಾಬರಿಯಾಗಿ, ಇದು ಆಲ್ಪ್ಸೇ ತಾನೇ ಎಂದು ಮೂರು ಸಲ ಕೇಳಿದ. ಒಪ್ಪಂದವಾಗಿತ್ತು, ರುಜು ಬಿದ್ದಿತ್ತು, ತಪ್ಪಿಸಲು ಬರುವಂತಿರಲಿಲ್ಲ. ಕೊನೆಯ ಗಿರಾಕಿ ಹೋದ ಮೇಲೆ ಸೇಗೊ ಬಟ್ಟಲುಗಳನ್ನು ತೊಳೆದು ಒರೆಸಿ, ಎರಡೂ ಕೈಯಿಂದ ಬೀಗದ ಕೈ ಕೊಟ್ಟು, ತರುಣನಿಗಿಂತ ಹೆಚ್ಚು ಬಗ್ಗಿ ನಮಸ್ಕರಿಸಿದ. ಆಮೇಲೆ ಬ್ರೆಡ್ಡು ಕೊಯ್ಯುವ ತನ್ನ ಚಾಕುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಗಲ್ಲಿಯಲ್ಲಿ ನಿಂತ. ಎಲ್ಲಿಗೆ ಹೋಗುವುದೆಂದು ಗೊತ್ತಿಲ್ಲದವನ ಹಾಗಿದ್ದ. ತೊಕಿಕೊ ಅವನ ಹತ್ತಿರ ಬಂದು ನಿಂತಳು.

"ನಾಳೆ ಏನ್ಮಾಡ್ತೀಯ?" ಕೇಳಿದಳು.

"ಮನೇಲಿ ಕೂತ್ಕೊಂಡು ಟೀವಿ ನೋಡ್ತೀನಿ. ಡಾಕ್ಟರು ಕೂತ್ಕೋ ಅಂದಿದಾರೆ."

"ಕೂತ್ಕೊಂಡು ಬ್ರೆಡ್ಡು ಕೊಯ್ಯಕ್ಕೆ ಬರಲ್ವಾ?"

ಸೇಗೊ ಕೈಯಲ್ಲಿದ್ದ ಚಾಕುವಿನ ಗಂಟು ನೋಡಿಕೊಂಡ.

"ನನಗೆ ನಿನ್ನ ಮೇಲೆ ಕರುಣೆ ಗಿರುಣೆ ಏನಿಲ್ಲ," ಎಂದಳು. "ನಿನ್ನ ದಪ್ಪ ಬ್ರೆಡ್ಡೇ ಮೇಲು ಅಂತ ಅಷ್ಟು ಜಂಬ ಇದ್ರೆ ನಾಳೆ ನನ್ನ ಅಂಗಡಿಗೆ ಬಾ. ಒಂದು ಎತ್ತರದ ಕುರ್ಚಿ ಹಾಕ್ತೀನಿ. ಕಾಫಿ ಕೊಡೋ ಕಟ್ಟೆ ಅರ್ಧ ನಿನ್ನದು, ಅರ್ಧ ನನ್ನದು. ನಿನ್ನ ತಟ್ಟೆ ನೀನು ಕೊಡು, ನನ್ನ ತಟ್ಟೆ ನಾನು ಕೊಡ್ತೀನಿ. ಗಿರಾಕಿಗಳು ಯಾವ ಕಡೆ ಕೂರ್ತಾರೋ ನೋಡೋಣ."

ಸೇಗೊ ಶಿರಾಸಾಗಿಯ ಕಿಟಕಿಯಿಂದ ಒಳಗೆ ಇಣುಕಿದ. ಕಟ್ಟೆಯನ್ನು ಈ ತುದಿಯಿಂದ ಆ ತುದಿಗೆ ಕಣ್ಣಲ್ಲೇ ಅಳೆದ.

"ಕಿಟಕಿ ಕಡೆ ಅರ್ಧ ನಂದು," ಅಂದ.

"ಕಿಟಕಿ ಕಡೆ ಕೊಡಲ್ಲ."

"ಹಾಗಾದ್ರೆ ಬರಲ್ಲ."

"ಆಯ್ತು ತಗೋ, ಸಾಯಿ!" ಎಂದಳು ತೊಕಿಕೊ.

ಮರುದಿನ ಬೆಳಗ್ಗೆ ಶಿರಾಸಾಗಿಯ ಕಟ್ಟೆಯ ಮಧ್ಯೆ ಬಿಳಿ ಟೇಪಿನ ಒಂದು ಗೆರೆ ಎಳೆದಿತ್ತು. ಕಿಟಕಿಯ ಕಡೆ ಸೇಗೊ ಎತ್ತರದ ಕುರ್ಚಿಯ ಮೇಲೆ ಮಂಡಿ ಚಾಚಿ ಕುಳಿತು ಬ್ರೆಡ್ಡು ಕೊಯ್ಯುತ್ತಿದ್ದ, ಒಲೆಯ ಕಡೆ ತೊಕಿಕೊ ನಿಂತಿದ್ದಳು. ಗಿರಾಕಿಗಳು ಒಳಗೆ ಬಂದು, ಗೆರೆ ನೋಡಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು, ಒಬ್ಬೊಬ್ಬರಾಗಿ ಕಿಟಕಿಯ ಕಡೆ ಹೋಗಿ ಕುಳಿತರು. ಹೊಸದು ಎಂದರೆ ಓಸುವಿನವರಿಗೆ ಮೊದಲಿನಿಂದಲೂ ಅಷ್ಟು ಚಪಲ. ತೊಕಿಕೊಳ ಕಡೆ ಕುಳಿತದ್ದು ಇಬ್ಬರೇ, ಅವರಲ್ಲೊಬ್ಬನಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ಅವಳಿಗೆ ಮೈಯೆಲ್ಲ ಉರಿದುಹೋಯಿತು. ಅವಳು ಬಟ್ಟಲನ್ನು ಕುಕ್ಕಿದ ರಭಸಕ್ಕೆ ಕಾಫಿ ಚೆಲ್ಲಿತು.

ಅಂಗಡಿ ಖಾಲಿಯಾದ ಮೇಲೆ ಸೇಗೊ ಚಾಕು ಒರೆಸಿ ಸುತ್ತಿಕೊಂಡು ಎದ್ದ. ತೊಕಿಕೊ ಬೆನ್ನು ಮಾಡಿಕೊಂಡು ಲೋಟ ತೊಳೆಯುತ್ತಿದ್ದಳು.

"ನಾಳೆ ಏನು ಮಾಡ್ತೀಯ?" ಎಂದು ಕೇಳಿದಳು. ತೊಳೆದ ಲೋಟವನ್ನೇ ಮತ್ತೊಮ್ಮೆ ತೊಳೆದಳು.

"ಹೇಳಲ್ಲ," ಅಂದ ಸೇಗೊ.

ಅವನು ಗಲ್ಲಿಯ ತಿರುವು ದಾಟುವುದನ್ನೇ ಕಾದು, ತೊಕಿಕೊ ಒದ್ದೆ ಕೈಯನ್ನು ಒರೆಸಿಕೊಂಡು, ಚೀಲ ಹಿಡಿದು, ಐವತ್ತು ವರ್ಷ ಚಿಕ್ಕವಳಂತೆ ಮಾರುಕಟ್ಟೆಗೆ ಓಡಿದಳು.